ಎರಡು ಕುಲದ ಮೊಳಕೆ

ನದಿ ಕಡಲು ಸೇರುವ ಅಳಿವೆಯ ದಡದಲ್ಲಿ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಅಗಲ ಎಲೆಯ ಕಾಂಡ್ಲ ಮರವೊಂದಿತ್ತು. ಆಳ ನೀರಿನಲ್ಲಿ ನಿಂತ ಕಿರಿದೆಲೆಯ ಕಾಂಡ್ಲದ ಪರಾಗ ಗಾಳಿಗೆ ಬಂದು ಸೇರಿ ಆ ದಡದ ಮರಕ್ಕೊಂದು ಮೊಳಕೆ ಹುಟ್ಟಿತು; ಕಾಂಡ್ಲದ ಬೀಜ ಮರದಲ್ಲೇ ಮೊಳೆಯುತ್ತದೆ. ಕೊಂಬೆಯಲ್ಲೇ ತೂಗುತ್ತ ಬೆಳೆದ ಅದಕ್ಕೆ ಉದುರುವ ಕಾಲ ಬಂದರೂ ತಾಯಿ ಬಿಡಲೊಲ್ಲಳು.

"ನಮ್ಮ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ" ಎಂದವು ದಡದ ಮರಗಳು.

"ನಮ್ಮ ಕುಲದ್ದೂ ಅಲ್ಲ" ಎಂದವು ನೀರಿನವು.

ಬೇರಿನಡಿಯ ಏಡಿ ಕೇಳಿತು, "ಅಕ್ಕಾ, ಬಲಿತ ಮಗುವನ್ನು ಯಾಕೆ ಹಿಡಿದುಕೊಂಡಿದ್ದೀರಿ?"

"ಬಿಟ್ಟರೆ ಎಲ್ಲಿ ಬೇರೂರೀತು?"

"ನಿಮ್ಮ ಸಾಲಿಗೂ ನೀರಿನವರ ಸಾಲಿಗೂ ನಡುವೆ ಬರಿದಾದ ಕೆಸರಿದೆ. ನಿಮ್ಮವರ ಮಕ್ಕಳು ಅಲ್ಲಿ ಉಪ್ಪು ತಾಳಲಿಲ್ಲ, ಅವರ ಮಕ್ಕಳು ಬಿಸಿಲು ತಾಳಲಿಲ್ಲ. ಇದಕ್ಕೆ ಇಬ್ಬರ ಗುಣವೂ ಬಂದಿರಬಹುದು."

ಇಳಿತದ ಹೊತ್ತಿಗೆ ತಾಯಿ ಎದೆ ಗಟ್ಟಿಮಾಡಿಕೊಂಡು ಕೈಬಿಟ್ಟಳು. ಮೊಳಕೆ ತೇಲಿಹೋಗಿ ಆ ಕೆಸರಿನಲ್ಲಿ ನೆಟ್ಟಗೆ ನಾಟಿಕೊಂಡಿತು. ಉಬ್ಬರ ಮುಳುಗಿಸಿತು, ಬಿಸಿಲು ಸುಟ್ಟಿತು, ಅದು ಬಾಗಲಿಲ್ಲ. ಒಂದು ಬೆಳಗ್ಗೆ ನೆತ್ತಿಯಲ್ಲಿ ಎರಡು ಹಸಿರೆಲೆ ಕಂಡವು. ತಾಯಿಯ ಎದೆಯ ಭಾರ ಇಳಿಯಿತು.

"ನಮ್ಮ ಸಾಲಿನದು" ಎಂದವು ದಡದ ಮರಗಳು. "ನಮ್ಮ ಕುಲದ್ದು" ಎಂದವು ನೀರಿನವು. ಅವರ ಜಗಳ ಮುಗಿಯುವಷ್ಟರಲ್ಲಿ ತಾಯಿ ಯಾರನ್ನೂ ಕೇಳದೆ ಆಮೇಲೆ ಹುಟ್ಟಿ ಬಲಿತ ಅಂಥದೇ ಇನ್ನೊಂದು ಮೊಳಕೆಯನ್ನು ನೀರಿಗೆ ಬಿಟ್ಟಿದ್ದಳು.