ಹಗೇವಿನ ಬಾಯಿಗೆ ಕುಂತ ಸಾವಂತ್ರೆವ್ವ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಅವಳಜ್ಜಿಗೂ ಗೊತ್ತಿರಲಿಲ್ಲ. ಎರೆಭೂಮಿಯ ಒಂದೂರು. ಆ ಊರಲ್ಲಿ ಜೋಳವನ್ನು ಮನೆಯೊಳಗೆ ಇಡುತ್ತಿರಲಿಲ್ಲ. ನೆಲದಲ್ಲಿ ಎರಡಾಳು ಆಳದ ಗುಂಡಿ ತೋಡಿ, ಅದರಲ್ಲಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದಕ್ಕೆ ಹಗೇವು ಅಂತಾರೆ. ಹಗೇವು ತೆಗೆಯುವ ಮೊದಲು ಊರವರು ಕರೆಯುತ್ತಿದ್ದದ್ದು ಸಾವಂತ್ರೆವ್ವನನ್ನು.

ಅವಳು ಹತ್ತಿ ಹಿಂಜುವವರ ಮಗಳು. ಮಳೆಗಾಲದಲ್ಲಿ ಹತ್ತಿ ಮಾರಿದರೆ ಗಾಳಿಯೊಳಗಿನ ನೀರನ್ನೂ ಮಾರಿದಂಗೆ ಅಂತ ಅವಳಪ್ಪ ನಗುತ್ತಿದ್ದನಂತೆ. ಅವಳು ನಗಲಿಲ್ಲ, ಆ ಮಾತನ್ನೇ ಹಿಡಿದುಕೊಂಡಳು. ಬಿಸಿಲಿಗೆ ಒಣಗಿಸಿದ ಹಿಡಿ ಹತ್ತಿಯನ್ನು ಸಣ್ಣ ತಕ್ಕಡಿಯಲ್ಲಿಟ್ಟು ಗುಲಗಂಜಿಯಿಂದ ತೂಗುವಳು. ಚಪ್ಪಡಿ ಚೂರು ಸರಿಸಿ, ಹತ್ತಿಯನ್ನು ದಾರಕ್ಕೆ ಕಟ್ಟಿ ಒಳಗೆ ಇಳಿಬಿಡುವಳು. ಮರುದಿನ ಮತ್ತೆ ತೂಗುವಳು. ಒಂದೆರಡು ಗುಲಗಂಜಿ ಹೆಚ್ಚಿಗೆ ಬೇಕಾದರೆ ಚಿಂತೆಯಿಲ್ಲ. ಹತ್ತಿಯ ತಟ್ಟೆ ಕೆಳಗೇ ಕುಂತರೆ, ಬಾಯಿ ತೆರೆದಿಡಿ, ಗಾಳಿಯಾಡಲಿ, ಯಾರೂ ಇಳಿಯಬೇಡಿ ಅನ್ನುವಳು.

“ಕಾಳೂ ಉಸಿರಾಡ್ತಾವ. ಒಣಾ ಕಾಳು ಸಾವಕಾಶ ಉಸಿರಾಡ್ತಾವ. ಥಂಡಿ ಹಿಡದ ಕಾಳು ಏದುಸಿರು ಬಿಡ್ತಾವ. ಆ ಉಸಿರು ಮನುಷ್ಯಾರ ಉಸಿರನ್ನ ತಿಂತೈತಿ,” ಅಂತಿದ್ದಳಂತೆ.

ಒಂದು ವರ್ಷ ಮಳೆ ಮುಗಿದ ಮೇಲೆ ಸುದ್ದಿ ಬಂತು: ದಂಡು ಬರುತ್ತಿದೆ, ಸುಲಿಯುತ್ತ ಬರುತ್ತಿದೆ. ಕಾಳು ತೆಗೆದುಕೊಂಡು ಗುಡ್ಡ ಹತ್ತಬೇಕು ಅಂತ ಊರು ಎದ್ದಿತು. ಸಾವಂತ್ರೆವ್ವ ಊರ ಕಾಳೆಲ್ಲ ಇದ್ದ ದೊಡ್ಡ ಹಗೇವಿಗೆ ಹತ್ತಿ ಇಳಿಸಿದಳು. ಬೆಳಿಗ್ಗೆ ತೂಗಿದರೆ, ಎಷ್ಟು ಗುಲಗಂಜಿ ಹಾಕಿದರೂ ಹತ್ತಿ ಮೇಲೇಳಲಿಲ್ಲ. ಮಳೆ ನೀರು ಎಲ್ಲಿಂದಲೋ ಇಂಗಿತ್ತು. ಗಾಳಿಯಾಡಲಿಕ್ಕೆ ಎರಡು ದಿನ ಕೊಡಿ ಅಂತ ಅವಳು ಕೇಳಿದಳು. ದಂಡಿಗೆ ಒಂದೇ ದಿನದ ದಾರಿ ಅಂದ ಊರಗೌಡ.

ಆಗ ಅವಳ ಗಂಡ ದ್ಯಾಮಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಅವಳ ಮಾತಿನ ಮೇಲೆ ನಂಬಿಕೆಯಿಲ್ಲದೆ ಅಲ್ಲ, ಮಕ್ಕಳ ಹೊಟ್ಟೆ ನೋಡಿ. “ಉಸಿರು ಬಿಗಿಹಿಡದು ನಾಕು ಬುಟ್ಟಿ ತುಂಬಿ ಕೊಡ್ತೇನಿ,” ಅಂದನಂತೆ. ಅವಳು ಅವನ ಧೋತರದ ಚುಂಗು ಹಿಡಿದಳು. ಅವನು ಮೆಲ್ಲಗೆ ಬೆರಳು ಬಿಡಿಸಿ ಇಳಿದ.

ಒಂದು ಬುಟ್ಟಿ ಮೇಲೆ ಬಂತು. ಎರಡನೆಯದು ಬರಲಿಲ್ಲ. ಎಳೆದರೆ ಗಂಟು ಬಿಚ್ಚಿಕೊಂಡು ಬರೀ ಹಗ್ಗ ಬಂತು. ಅವನ ತಮ್ಮ ಹುಚ್ಚೀರಪ್ಪ ಅಣ್ಣಾ ಅನ್ನುತ್ತಲೇ ಜಿಗಿದ. ಅವನೂ ಮೇಲೆ ಬರಲಿಲ್ಲ.

ಗಂಡಸರು ಒಬ್ಬರ ಹಿಂದೊಬ್ಬರು ಮುಂದೆ ಬಂದರು. ಸಾವಂತ್ರೆವ್ವ ಹೋಗಿ ಹಗೇವಿನ ಬಾಯಿಗೆ ಅಡ್ಡ ಕುಂತಳು.

“ಎರಡು ಹೆಣ ಸಾಕು,” ಅಂದಳು.

ಅತ್ತೆ ಅವಳ ತುರುಬು ಹಿಡಿದು ಎಳೆದಳು. “ಏಳವ್ವಾ, ಇಬ್ಬರೂ ನನ್ನ ಹೊಟ್ಟ್ಯಾಗ ಹುಟ್ಟ್ಯಾರ,” ಅಂತ ಅತ್ತಳು. ಯಾರೋ ಒದ್ದರು. ಅವಳು ಏಳಲಿಲ್ಲ. ಕೆಳಗಿಂದ ಒಂದು ಸಲ ಕೆಮ್ಮು ಕೇಳಿಸಿತು ಅಂತಾರೆ. ಇಲ್ಲ, ಏನೂ ಕೇಳಿಸಲಿಲ್ಲ ಅಂತಲೂ ಅಂತಾರೆ. ಕೇಳಿಸಿದ್ದರೆ ಎಲ್ಲರಿಗಿಂತ ಹತ್ತಿರ ಇದ್ದವಳು ಅವಳೇ.

ಅವಳನ್ನು ಹಗೇವಿನ ಬಾಯಲ್ಲೇ ಬಿಟ್ಟು ಊರು ಒಂದು ಬುಟ್ಟಿ ಜೋಳ ಹೊತ್ತು ಗುಡ್ಡ ಹತ್ತಿತು. ಅಲ್ಲಿ ಹಸಿವಿಗೆ ಸಣ್ಣ ಮಕ್ಕಳು ಸತ್ತವು, ಮುದುಕರು ಸತ್ತರು. ದಂಡು ಬರಲೇ ಇಲ್ಲ. ಬೇರೆ ದಾರಿ ಹಿಡಿದು ಹೋಗಿತ್ತು.

ಜನ ತಿರುಗಿ ಬರುವಷ್ಟರಲ್ಲಿ ಹಗೇವು ಗಾಳಿಯಾಡಿ ಹತ್ತಿ ಹಗುರಾಗಿತ್ತು. ಸಾವಂತ್ರೆವ್ವ ಒಬ್ಬಳೇ ಇಳಿದು ಇಬ್ಬರನ್ನೂ ಮೇಲೆತ್ತಿ ಮಣ್ಣು ಮಾಡಿದ್ದಳು. ಅಂಗೈ ತೊಗಲು ಸುಲಿದಿತ್ತಂತೆ. ಅತ್ತೆ ಸಾಯುವತನಕ ಅವಳ ಕೈಯ ನೀರು ಕುಡಿಯಲಿಲ್ಲ. ಅವಳು ಊರು ಉಳಿಸಿದಳು ಅಂದವರುಂಟು, ಗಂಡನ್ನ ತಿಂದಾಕಿ ಅಂದವರುಂಟು.

ಈಗ ಹಗೇವುಗಳಿಲ್ಲ, ಎಲ್ಲ ಮುಚ್ಚಿಹೋದವು. ಆದರೆ ಆ ಸೀಮೆಯಲ್ಲಿ ಹಾಳುಬಾವಿ ಹೂಳೆತ್ತುವಾಗ, ಇಳಿಯುವವನ ಹೆಂಡತಿಯೋ ತಾಯಿಯೋ ಮೊದಲು ಹೋಗಿ ಬಾವಿಯ ದಂಡೆಗೆ ಕೂಡುತ್ತಾಳೆ. ಯಾಕೆ ಅಂತ ಕೇಳುವಂತಿಲ್ಲ, ಬೇಗ ಏಳು ಅನ್ನುವಂತಿಲ್ಲ. ಅವಳಾಗಿ ಏಳುವವರೆಗೆ ಯಾವ ಗಂಡಸೂ ಇಳಿಯುವುದಿಲ್ಲ.