ಮಂಗಾಯಿಯ ಬರಿದಾದ ತಂಬಿಗೆ

ಗದ್ದಲ ಸಾಕು ಮಕ್ಕಳಾ, ಇತ್ತ ಕೇಳಿ. ಸಿರಿಪುರ ಅಂತ ಒಂದು ರಾಜ್ಯ. ಏಳು ಹೊಳೆ ದಾಟಿ ಅಲ್ಲಿಗೆ ಮಂಗಾಯಿ ಅನ್ನುವ ಹೆಂಗಸು ಬಂದಳು. ಕಂಕುಳಲ್ಲಿ ಕೂಸು, ಬಾಯಲ್ಲಿ ಯಾರಿಗೂ ತಿಳಿಯದ ಮಾತು. ಅವಳ ಊರು ನೆರೆಯಲ್ಲಿ ಕೊಚ್ಚಿಹೋಗಿತ್ತು. ವಾಪಸು ಹೋಗೋಣವೆಂದರೆ ಊರೇ ಇಲ್ಲ. ಸಿರಿಪುರದಲ್ಲೇ ಒಂದು ಖಾಲಿ ಗುಡಿಸಲಲ್ಲಿ ಇಳಿದುಕೊಂಡಳು.

ಪಾಪ ಅಂತ ಪಕ್ಕದ ಮನೆಯ ಚೌಡವ್ವ ತಂಬಿಗೆಯಲ್ಲಿ ಅಂಬಲಿ ಕೊಟ್ಟಳು. ಮಂಗಾಯಿ ತಂಬಿಗೆ ಬೆಳಗಿ ಬರಿದಾಗಿ ತಂದಿಟ್ಟಳು. ಎದುರು ಮನೆಯವರು ಬೋಗುಣಿಯಲ್ಲಿ ಸಾರು ಕೊಟ್ಟರು. ಬೋಗುಣಿಯೂ ಬರಿದೇ ಬಂತು. ಹಿಂದಿನ ಮನೆಯವರು ಚೆಂಬಿನಲ್ಲಿ ಹಾಲು ಕೊಟ್ಟರು. ಅದೂ ಬರಿದೇ.

ಸಿರಿಪುರದಲ್ಲಿ ಹಾಗೆ ಮಾಡಿದರೆ ಮುಗೀತು! ಒಂದು ಚೂರು ಬೆಲ್ಲವಾದರೂ ಹಾಕಿ ಕೊಡಬೇಕು. ಇಲ್ಲದಿದ್ದರೆ 'ನಿಮ್ಮ ಮನೆ ಬರಿದಾಗಲಿ' ಅಂದ ಹಾಗೆ. ಮೂರು ಮನೆಯವರೂ ಮುಖ ತಿರುಗಿಸಿದರು. ತಾನು ಮಾಡಿದ ತಪ್ಪೇನೆಂದು ಮಂಗಾಯಿಗೆ ತಿಳಿಯಲಿಲ್ಲ. ಕೂಸನ್ನು ಅಪ್ಪಿಕೊಂಡು ಅತ್ತಳು.

ದೂರು ರಾಣಿಯ ಸಭೆಗೆ ಹೋಯಿತು. ಚೌಡವ್ವ ಸಾಕ್ಷಿಗೆಂದು ತಂಬಿಗೆಯನ್ನೂ ತಂದಳು. ಅರಮನೆಯ ದುಭಾಷಿ ಪುಟ್ಟರಸಯ್ಯನನ್ನು ಕರೆಸಿದರು. ಹದಿನೆಂಟು ದೇಶದ ಮಾತು ಬರುತ್ತದೆ ಅಂತ ಜಂಬ ಕೊಚ್ಚಿ ಸಂಬಳ ತಿನ್ನುತ್ತಿದ್ದವನು ಅವನು. ಮಂಗಾಯಿಯ ಮಾತು ಅವನಿಗೆ ಒಂದಕ್ಷರವೂ ಬಾರದು. ಹಾಗೆಂದು ಒಪ್ಪಿಕೊಂಡರೆ ಕೆಲಸ ಹೋದೀತಲ್ಲ!

ಮಂಗಾಯಿ ಕೈಮುಗಿದು ಏನೋ ಹೇಳಿದಳು. "ಇಲ್ಲಿನ ಅನ್ನ ಸಪ್ಪೆ ಅಂತಾಳೆ, ತಾಯಿ" ಅಂದ. ಮತ್ತೆ ಹೇಳಿದಳು. "ಇಲ್ಲಿನ ಜನ ಜಿಪುಣರಂತೆ" ಅಂದ. ಮೂರನೇ ಸಲ ಕಣ್ಣೀರಿಟ್ಟು ಹೇಳಿದಳು. "ನಿಮ್ಮನ್ನೇ ಬೈತಾಳೆ! ಗಡಿಯಾಚೆ ಅಟ್ಟಿಬಿಡಿ" ಅಂದ.

ಬೈಯುವವಳು ಕೈ ಮುಗಿಯುತ್ತಾಳೆಯೇ? ರಾಣಿಗೆ ಅನುಮಾನ ಬಂತು. ದುಭಾಷಿಯ ಕಿವಿಯಲ್ಲಿ, "ಸೆರಗಿನ ಮೇಲೆ ಚೇಳಿದೆ ಅಂತ ಅವಳಿಗೆ ಬೇಗ ಹೇಳು" ಅಂದಳು.

ಪುಟ್ಟರಸಯ್ಯ ಬೆವತುಹೋದ. "ಗಿಂಡಿ ಗಿಂಡಿ ಗಡಬಡ" ಅಂದ. ಮಂಗಾಯಿ ನಿಂತಲ್ಲಿಂದ ಅಲ್ಲಾಡಲಿಲ್ಲ. ಈ ಮನುಷ್ಯನಿಗೆ ಮೈ ಸರಿಯಿಲ್ಲವೇನೋ ಅಂತ ಮರುಕದಿಂದ ನೋಡಿದಳು.

"ಚೇಳು ಅಂದರೂ ಸೆರಗು ಕೊಡವದ ಹೆಂಗಸು ಯಾವ ದೇಶದಲ್ಲಿದ್ದಾಳಯ್ಯಾ?" ಅಂದಳು ರಾಣಿ. ಸಭೆ ಗೊಳ್ಳೆಂದು ನಕ್ಕಿತು.

ಚೌಡವ್ವನಿಗೆ ಮಾತ್ರ ನಗು ಬರಲಿಲ್ಲ. ತಂಬಿಗೆ ತೋರಿಸಿ, "ಯಾಕವ್ವಾ ಬರಿದು?" ಅಂತ ಸನ್ನೆ ಮಾಡಿದಳು. ಮಂಗಾಯಿ ತಂಬಿಗೆಯನ್ನು ಎದೆಗೊತ್ತಿಕೊಂಡಳು. ಚೌಡವ್ವನತ್ತ ಚಾಚಿದಳು, ಮತ್ತೆ ಎದೆಗೆ ತಂದಳು, ಮತ್ತೆ ಚಾಚಿದಳು. ಅವಳ ದೇಶದಲ್ಲಿ ತುಂಬಿಸಿ ಕೊಟ್ಟರೆ 'ನಿಮ್ಮ ಹಂಗು ತೀರಿತು' ಅಂತ. ಬರಿದು ಕೊಟ್ಟರೆ 'ನಮ್ಮ ನಂಟು ಹೀಗೇ ಇರಲಿ' ಅಂತ.

"ಅಯ್ಯೋ ನನ್ನವ್ವಾ! ಹೋಗಿ ಬರೋದು ನಿಲ್ಲಬಾರದು ಅಂತಲಾ?" ಚೌಡವ್ವ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

ಮಂಗಾಯಿ ಸಿರಿಪುರದಲ್ಲೇ ಉಳಿದಳು. ಪುಟ್ಟರಸಯ್ಯನನ್ನು ರಾಣಿ ಏಳು ಹೊಳೆಯಾಚೆಗೆ ಮಾತು ಕಲಿಯಲು ಕಳಿಸಿದಳು. ಅಲ್ಲಿ ನೀರು ಕೇಳಲೂ ಬಾರದೆ ಬಿಸಿಲಲ್ಲಿ ನಿಂತ. ಮುದುಕಿಯೊಬ್ಬಳು ಅವನ ಮುಖ ನೋಡಿದಳು, ಒಳಗೆ ಹೋಗಿ ನೀರು ತಂದು ಕೊಟ್ಟಳು. ಆಗ ಅವನಿಗೆ ನಾಚಿಕೆಯಾಯಿತು.

ಇಷ್ಟು ನೆನಪಿಡಿ ಮಕ್ಕಳಾ. ಹೊರಗಿನಿಂದ ಬಂದವರ ನಡತೆ ವಿಚಿತ್ರ ಅನ್ನಿಸಿದರೆ, ದೂರು ಒಯ್ಯುವ ಮೊದಲು ಅವರನ್ನೇ ಕೇಳಿ. ಮಾತು ಬಾರದಿದ್ದರೆ ಅವರ ಮುಖ ನೋಡಿ.