ಬಂಡೆ ಸರಿದು ಬಿಸಿನೀರಿಗೆ ದಾರಿ ಬಿಟ್ಟದ್ದು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಬೆಂಕಿ ಹೊತ್ತಿಸುವುದು ಮನುಷ್ಯರಿಗೆ ಇನ್ನೂ ಗೊತ್ತಿರಲಿಲ್ಲ. ಆ ಕಾಲದಲ್ಲಿ ಒಂದು ಚಳಿಯ ಕಣಿವೆಯಲ್ಲಿ ಕೆಂಚವ್ವ ಎಂಬ ಸೂಲಗಿತ್ತಿ ಇದ್ದಳು. ಹೆರಿಗೆ ಮಾಡಿಸುವುದರಲ್ಲಿ ಅವಳ ಕೈ ಬಲು ಮೃದು. ಬಾಯಿ ಮಾತ್ರ ಸ್ವಲ್ಪ ಜೋರು.

ಒಂದು ಬೆಳಿಗ್ಗೆ ಅವಳ ಮಗಳು ನಿಂಗಿ ಹೆತ್ತಳು. ಮಗು ಚಳಿಗೆ ನೀಲಿಗಟ್ಟಿತು. ಎದೆಗೆ ಅವಚಿಕೊಂಡರೂ ಮೈ ಬೆಚ್ಚಗಾಗಲಿಲ್ಲ.

"ಅವ್ವಾ, ಏನಾರ ಮಾಡವ್ವಾ!" ಎಂದು ನಿಂಗಿ ಅತ್ತಳು.

ನೆಲದೊಳಗೆ ಯಾರೋ ಗೊಣಗುವುದು ಕೆಂಚವ್ವನಿಗೆ ಆಗಾಗ ಕೇಳಿಸುತ್ತಿತ್ತು. ಹೊರಗೆ ಓಡಿ, ಬಸುರಿಯ ಹೊಟ್ಟೆಗೆ ಕಿವಿಯಿಡುವ ಹಾಗೆ ನೆಲಕ್ಕೆ ಕಿವಿಯಿಟ್ಟಳು. "ಯಾರದು ಒಳಗೆ?"

"ನಾನು, ನೀರು. ಮಳೆಯಾಗಿ ಬಿದ್ದು ಆಳಕ್ಕೆ ಇಳಿದೆ. ಭೂಮಿಯ ಒಡಲಲ್ಲಿ ಕಾದು ಬಿಸಿಯಾದೆ. ಮೇಲೆ ಬರಲು ದಾರಿಯೇ ಇಲ್ಲ. ನನ್ನ ಮೇಲೆ ಎರಡು ಬಂಡೆಗಳು, ಅಣ್ಣತಮ್ಮಂದಿರು, ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾರೆ."

"ಬಿಸಿನೀರಾ? ಹಂಗಾರೆ ತಿಣುಕು! ಜೋರಾಗಿ ತಿಣುಕು!"

ನೀರು ತಿಣುಕಿತು. ಬಂಡೆಗಳು ಬಿಗಿದುಕೊಂಡವು. ಕೆಂಚವ್ವ ಮತ್ತೆ ಕೂಗಿದಳು. ನೀರು ಮತ್ತೆ ತಿಣುಕಿತು, ಬಂಡೆಗಳು ಮತ್ತಷ್ಟು ಬಿಗಿದುಕೊಂಡವು.

ಆಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ದಾರಿ ಸಡಿಲವಾಗುವ ಮೊದಲು ತಿಣುಕಬೇಡ ಎಂದು ಊರ ಹೆಂಗಸರಿಗೆಲ್ಲ ಬೈದು ಹೇಳುವವಳು, ತನ್ನ ಮೊಮ್ಮಗುವಿನ ಹೊತ್ತಿಗೆ ಅದನ್ನೇ ಮರೆತಿದ್ದಳು. ಹೆದರಿಕೆ ಕೈಯಲ್ಲಿದ್ದ ವಿದ್ಯೆಯನ್ನೂ ಮರೆಸಿಬಿಡುತ್ತದೆ, ಪಾಪ.

"ತಡಿ ನೀರವ್ವಾ, ಸುಮ್ನಿರು" ಎಂದವಳೇ, ಹೆರುವವಳ ಸೊಂಟ ನೀವುವಂತೆ, ನೆಲದ ಮೇಲೆ ಕಾಣುತ್ತಿದ್ದ ಬಂಡೆಗಳ ಬೆನ್ನು ನೀವತೊಡಗಿದಳು. "ಅಣ್ಣಾ, ನೀನು ಒಂಚೂರು ಮೇಲಕ್ಕೆ. ತಮ್ಮಾ, ನೀನು ಒಂಚೂರು ಕೆಳಕ್ಕೆ. ಮೈ ಸಡಿಲ ಬಿಡ್ರಪ್ಪಾ, ಕೂಸು ಕಾಯ್ತೈತೆ."

"ಸರಿದರೆ ಮೈ ತರಚುತ್ತದೆ" ಎಂದ ಅಣ್ಣ ಬಂಡೆ.

"ಮತ್ತೆ ಮೊದಲಿನ ಹಾಗೆ ಕೂಡಿಕೊಳ್ಳುವುದಕ್ಕೆ ಆಗುವುದಿಲ್ಲ" ಎಂದ ತಮ್ಮ.

"ಹೌದು, ಆಗಾಕಿಲ್ಲ. ನೋಯ್ತದೆ, ಸುಳ್ಳು ಹೇಳಾಕಿಲ್ಲ ನಾನು" ಎಂದಳು ಕೆಂಚವ್ವ.

ಅಂಗೈ ಸುಲಿದರೂ ನೀವುವುದನ್ನು ಬಿಡಲಿಲ್ಲ. ಕೊನೆಗೆ ನೆಲ ನಡುಗಿತು. ಅಣ್ಣ ಮೇಲಕ್ಕೆ ಸರಿದ, ತಮ್ಮ ಕೆಳಕ್ಕೆ ಸರಿದ. ಮೈಗೆ ಮೈ ಉಜ್ಜಿದ ಕಡೆ ಕಲ್ಲು ನುಚ್ಚಾಗಿ ಉದ್ದಕ್ಕೂ ಸಂದು ಬಿಟ್ಟಿತು. ಆ ಸಂದು ಹಿಡಿದು ನೀರು ಹಬೆಯಾಡುತ್ತಾ ಮೇಲೆ ಬಂತು.

ಕೆಂಚವ್ವ ಅದಕ್ಕೆ ತಣ್ಣೀರು ಬೆರೆಸಿ ಮಗುವಿಗೆ ಎರೆದಳು. ಒಂದು ಬೊಗಸೆ. ಇನ್ನೊಂದು ಬೊಗಸೆ. ಮೂರನೆಯದಕ್ಕೆ ಮಗು ಕಿರುಚಿ ಅತ್ತಿತು. ಎಷ್ಟೋ ಹೆರಿಗೆ ಮಾಡಿಸಿ ಒಮ್ಮೆಯೂ ಅಳದ ಸೂಲಗಿತ್ತಿ ಅಂದು ಮಗುವಿನ ಜೊತೆಗೇ ಅತ್ತಳು.

ನೀರು ಬಂಡೆಗಳ ಉಪಕಾರ ಮರೆಯಲಿಲ್ಲ. ಆಳದಿಂದ ಕರಗಿಸಿ ತಂದ ಸುಣ್ಣವನ್ನು ಅವರ ತರಚಿದ ಮೈಗೆ ಹಚ್ಚುತ್ತಾ ಹೋಯಿತು. ಹಚ್ಚಿ ಹಚ್ಚಿ ಸಂದು ಮುಚ್ಚುವಂತಾದರೆ, ಅಣ್ಣತಮ್ಮಂದಿರು ನೋವು ನುಂಗಿಕೊಂಡು ಮತ್ತೆ ಒಂಚೂರು ಸರಿಯುತ್ತಾರೆ.

ಅದಕ್ಕೇ ನೋಡು ಮಗು, ಬಿಸಿನೀರಿನ ಬುಗ್ಗೆ ಇಂದಿಗೂ ಎಲ್ಲೆಂದರಲ್ಲಿ ಏಳುವುದಿಲ್ಲ. ಬಂಡೆಗಳು ತಮ್ಮ ಮೈ ತರಚಿಕೊಂಡು ದಾರಿ ಬಿಟ್ಟ ಕಡೆ ಮಾತ್ರ, ಆ ಸಂದಿನ ಉದ್ದಕ್ಕೂ ಸಾಲಾಗಿ ಏಳುತ್ತದೆ.